ಪಕ್ಕದ ಗಿಡವೇ ವಿಷ ಬಿಡುತ್ತಿದೆಯೇ? ಅನುಮಾನ ಬಂದಾಗ ಪತ್ತೆ ಹಚ್ಚುವ ಕ್ರಮ

ಒಂದು ಮರದ ಬುಡದಲ್ಲಿ ಏನು ನೆಟ್ಟರೂ ಏಳುವುದಿಲ್ಲ. ಒಂದು ಕಳೆ ಹೊಕ್ಕ ಮಡಿಯಲ್ಲಿ ಬಿತ್ತಿದ ಬೀಜ ಹುಟ್ಟುವುದೇ ಇಲ್ಲ. ಇಂಥದ್ದು ಕಂಡ ಕೂಡಲೇ ‘ಆ ಗಿಡ ವಿಷ ಬಿಡುತ್ತದೆ’ ಎಂದು ತೀರ್ಪು ಕೊಟ್ಟು ಕೊಡಲಿ ಹುಡುಕುವವರು ಬಹಳ. ಗಿಡಗಳು ನೆರೆಯ ಗಿಡವನ್ನು ತಡೆಯುವ ರಾಸಾಯನಿಕಗಳನ್ನು ಹೊರಬಿಡುವುದು ನಿಜ. ಇದಕ್ಕೆ ಅಲಿಲೋಪತಿ ಎನ್ನುತ್ತಾರೆ. ಬೇರಿನಿಂದ ಒಸರಿ, ಮಳೆನೀರಿಗೆ ಎಲೆಯಿಂದ ತೊಳೆದಿಳಿದು, ಉದುರಿದ ಎಲೆ ಕೊಳೆತು, ಕೆಲವೊಮ್ಮೆ ಆವಿಯಾಗಿಯೂ ಅವು ಪಕ್ಕದ ಗಿಡವನ್ನು ಮುಟ್ಟುತ್ತವೆ. ಆದರೆ ನೆರಳು, ನೀರಿನ ಕೊರತೆ, ಇಲಿ, ಹಕ್ಕಿ, ಕಳೆನಾಶಕದ ಉಳಿಕೆ, ಬೇರಿನ ರೋಗ ಇವೆಲ್ಲ ಮಾಡುವ ಹಾನಿಯೂ ಹೊರಗಿನಿಂದ ಥೇಟ್ ಹಾಗೇ ಕಾಣುತ್ತದೆ. ಹಾಗಾಗಿ ಇಲ್ಲಿ ಅಲಿಲೋಪತಿಯನ್ನು ಕೊನೆಯ ಆರೋಪಿಯಾಗಿ ಇಟ್ಟುಕೊಂಡಿದ್ದೇನೆ. ಮಿಕ್ಕವರನ್ನೆಲ್ಲ ವಿಚಾರಿಸಿ ಮುಗಿದ ಮೇಲೆ ಅದರ ಸರದಿ.

ಶುರುವಿಗೆ: ಖರ್ಚಿಲ್ಲದ ತಪಾಸಣೆ

ಗುದ್ದಲಿಯೊಂದಿದ್ದರೆ ಸಾಕು. ತೊಂದರೆ ಇರುವ ಕಡೆಯೂ ಗಿಡ ಚೆನ್ನಾಗಿರುವ ಕಡೆಯೂ ಸುಮಾರು 15 ಸೆಂ.ಮೀ. ಆಳಕ್ಕೆ ಅಗೆದು, ಹಿಡಿ ಮಣ್ಣು ತೆಗೆದು ಹಿಂಡಿ ನೋಡಿ. ಚೆನ್ನಾಗಿರುವ ಕಡೆಯ ಮಣ್ಣು ಉಂಡೆ ಕಟ್ಟಿ, ಮರದ ಬುಡದ್ದು ಪುಡಿಯಾಗಿ ಉದುರಿದರೆ ಮೊದಲು ನೀರಿನ ವಿಷಯ ನೋಡಿ. ಅಗೆದ ಗುಂಡಿಯ ಗೋಡೆಯನ್ನೂ ಗಮನಿಸಿ: ನೂಲಿನಂಥ ಬೇರುಗಳು ಚಾಪೆಯಂತೆ ಹೆಣೆದುಕೊಂಡಿದ್ದರೆ ಅಲ್ಲಿ ನಡೆದಿರುವುದು ನೀರಿಗೆ, ಸಾರಕ್ಕೆ ಪೈಪೋಟಿ.

ನೆತ್ತಿಯ ಮೇಲೆ ಬಿಸಿಲಿದ್ದಾಗ ಆ ಜಾಗದಲ್ಲಿ ಕೈ ಚಾಚಿ. ಕೈಯ ನೆರಳಿನ ಅಂಚು ಸ್ಪಷ್ಟವಾಗಿ ಮೂಡದಿದ್ದರೆ ಹೆಚ್ಚಿನ ತರಕಾರಿ ಗಿಡಗಳಿಗೆ ಆ ಬೆಳಕು ಸಾಲದು. ಗಿಡ ಉದ್ದುದ್ದ ಜೋಲಾಡಿ, ಗೆಣ್ಣು ದೂರದೂರವಾಗಿ, ಬೆಳಕಿನ ಕಡೆಗೆ ಬಾಗಿದ್ದರೆ ಅದೂ ನೆರಳಿನ ಗುರುತೇ. ವಿಷ ತಾಗಿದ ಗಿಡ ಸಾಮಾನ್ಯವಾಗಿ ಗಿಡ್ಡವಾಗುತ್ತದೆ, ಹೀಗೆ ಉದ್ದಕ್ಕೆ ಓಡುವುದಿಲ್ಲ.

ಕೊನೆಯದಾಗಿ ಜಾಗದ ಚರಿತ್ರೆ. ಕಳೆದ ಎರಡು ವರ್ಷಗಳಲ್ಲಿ ಅಲ್ಲಿ ಯಾವ ಕಳೆನಾಶಕ ಬಿದ್ದಿದೆ, ಗೊಬ್ಬರ ಎಲ್ಲಿಂದ ಬಂತು, ಹಿಂದೆ ಅಲ್ಲಿ ಏನಿತ್ತು, ಮಳೆಗೆ ನೀರು ನಿಲ್ಲುತ್ತದೆಯೇ ಎಂದು ಬರೆದಿಟ್ಟುಕೊಳ್ಳಿ. ಮುಂದಿನ ಹಂತಗಳಲ್ಲಿ ಈ ಚೀಟಿ ಬೇಕಾಗುತ್ತದೆ.

ಲಕ್ಷಣ: ಮರದ ಅಥವಾ ಪೊದೆಯ ಸುತ್ತ ಬೋಳು ನೆಲ

ಎಲ್ಲರನ್ನೂ ಮೋಸಗೊಳಿಸುವ ಲಕ್ಷಣ ಇದು, ವಿಜ್ಞಾನಿಗಳನ್ನೂ ಬಿಟ್ಟಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಾಲ್ವಿಯಾ ಎಂಬ ಘಮಘಮಿಸುವ ಪೊದೆಗಳ ಸುತ್ತ ಹುಲ್ಲೇ ಇಲ್ಲದ ಪಟ್ಟಿಗಳಿದ್ದವು. ಎಲೆಯಿಂದ ಏಳುವ ಟರ್ಪೀನ್ ಆವಿಯೇ ಇದಕ್ಕೆ ಕಾರಣ ಎಂದು 1964ರಲ್ಲಿ ಸಿ. ಎಚ್. ಮುಲ್ಲರ್ ಮತ್ತು ಸಂಗಡಿಗರು ಪ್ರಕಟಿಸಿದರು. ಪ್ರಯೋಗಾಲಯದಲ್ಲಿ ಆ ಆವಿ ಮೊಳಕೆಯನ್ನು ತಡೆಯುತ್ತಿದ್ದುದೂ ನಿಜವೇ. 1970ರಲ್ಲಿ ಬ್ರೂಸ್ ಬಾರ್ತಲೋಮ್ಯೂ ಅದೇ ಬೋಳು ಪಟ್ಟಿಯ ಮೇಲೆ ತಂತಿಬಲೆಯ ಪಂಜರ ಇಟ್ಟರು. ಪಂಜರದೊಳಗೆ ಹುಲ್ಲು ಬೆಳೆಯಿತು. ಪೊದೆಯಲ್ಲಿ ಅಡಗಿರುವ ಇಲಿ, ಮೊಲ, ಹಕ್ಕಿಗಳು ತಮ್ಮ ಬಿಡಾರದಿಂದ ಹೆಚ್ಚು ದೂರ ಹೋಗದೆ ಹತ್ತಿರದ ಬೀಜ, ಚಿಗುರುಗಳನ್ನು ಮುಕ್ಕುತ್ತಿದ್ದವು.

ಆದ್ದರಿಂದ ನಿಮ್ಮ ಮೊದಲ ಪರೀಕ್ಷೆಯೂ ಪಂಜರವೇ. ಸಣ್ಣ ಕಣ್ಣಿನ ತಂತಿಬಲೆಯನ್ನು ಗೂಡಿನಂತೆ ಬಗ್ಗಿಸಿ, ಅಂಚನ್ನು ಕೆಲವು ಬೆರಳು ಮಣ್ಣಿನೊಳಗೆ ಹೂತು, ಒಳಗೂ ಹೊರಗೂ ಒಂದೇ ಬೀಜ ಬಿತ್ತಿ. ಒಳಗಿನದು ಎದ್ದು ಹೊರಗಿನದು ಮಾಯವಾದರೆ ಪ್ರಕರಣ ಅಲ್ಲಿಗೆ ಮುಗಿಯಿತು.

ಎರಡರಲ್ಲೂ ಏಳಲಿಲ್ಲವೇ? ಹಾಗಾದರೆ ಕುಂಡ ಪರೀಕ್ಷೆ. ಮರದ ಕೆಳಗಿನ ಮೇಲ್ಮಣ್ಣನ್ನು ಒಂದಷ್ಟು ಕುಂಡಕ್ಕೂ, ದೂರದ ಮಣ್ಣನ್ನು ಅಷ್ಟೇ ಕುಂಡಕ್ಕೂ ತುಂಬಿ, ಎಲ್ಲವನ್ನೂ ಒಂದೇ ಬಿಸಿಲಿನಲ್ಲಿಟ್ಟು ಅಳೆದು ನೀರು ಹಾಕಿ. ಒಂದೊಂದೇ ಕುಂಡದಿಂದ ಏನೂ ತಿಳಿಯದು. ಪ್ರತಿ ಬಗೆಗೆ ಕನಿಷ್ಠ ನಾಲ್ಕೈದು ಇರಲಿ. ಮರದ ಮಣ್ಣಿನಲ್ಲಿ ಮೊಳೆತ ಸಸಿ ಬಿಸಿಲಲ್ಲಿ ಸಲೀಸಾಗಿ ಬೆಳೆದರೆ ಮಣ್ಣಿನಲ್ಲಿ ಉಳಿದುಕೊಳ್ಳುವ ವಿಷವಿಲ್ಲ ಎಂದರ್ಥ. ಆದರೆ ಇದರಿಂದ ಮರಕ್ಕೆ ಪೂರ್ತಿ ಖುಲಾಸೆ ಸಿಗುವುದಿಲ್ಲ. ಕೆಲವು ರಾಸಾಯನಿಕಗಳು ಜೀವಂತ ಬೇರಿನಿಂದ ದಿನವೂ ಒಸರುತ್ತ, ಮಣ್ಣಿನ ಸೂಕ್ಷ್ಮಜೀವಿಗಳಿಂದ ದಿನವೂ ಕರಗುತ್ತ ಇರುತ್ತವೆ. ಬೇರಿಲ್ಲದ ಕುಂಡದಲ್ಲಿ ಅವು ಸಿಗುವುದಿಲ್ಲ.

ಅದನ್ನು ಹಿಡಿಯಲು ತಳ ಕತ್ತರಿಸಿದ ಹಳೆಯ ಪ್ಲಾಸ್ಟಿಕ್ ಬಕೆಟ್ ಬೇಕು. ಮರದ ಹರವಿನ ಅಂಚಿನಲ್ಲಿ, ದಪ್ಪ ಬೇರು ಸಿಗದ ಕಡೆ, ಬಕೆಟ್ಟಿನ ಎತ್ತರಕ್ಕೆ ಗುಂಡಿ ತೋಡಿ ಅದನ್ನಿಳಿಸಿ. ತೆಗೆದ ಮಣ್ಣಿನಿಂದ ಬೇರು ಆಯ್ದು ಅದೇ ಮಣ್ಣನ್ನು ಒಳಗೆ ತುಂಬಿ. ಪಕ್ಕದಲ್ಲಿ ಇನ್ನೊಂದು ಗುಂಡಿಯನ್ನು ಹಾಗೇ ತೋಡಿ ಮುಚ್ಚಿ, ಬಕೆಟ್ ಇಡಬೇಡಿ. ಎರಡಕ್ಕೂ ಧಾರಾಳವಾಗಿ ನೀರು, ತುಸು ಗೊಬ್ಬರ ಕೊಡಿ. ನೀರು ಗೊಬ್ಬರ ಸಾಕಷ್ಟಿದ್ದೂ ಬಕೆಟ್ಟಿನೊಳಗಿನ ಸಸಿ ಮಾತ್ರ ಚೇತರಿಸಿದರೆ, ಮರದ ಬೇರು ಪೈಪೋಟಿಗಿಂತ ಹೆಚ್ಚಿನದೇನನ್ನೋ ಮಾಡುತ್ತಿದೆ ಎಂಬ ಅನುಮಾನಕ್ಕೆ ಬಲ ಬರುತ್ತದೆ. ನೀರು ಕೊಟ್ಟ ಮೇಲೆ ಎರಡೂ ಚೇತರಿಸಿದರೆ ಸಮಸ್ಯೆ ಬಾಯಾರಿಕೆ. ನೀಲಗಿರಿಯ ಮೇಲಿನ ದೂರುಗಳಲ್ಲಿ ಇದನ್ನು ತಪ್ಪದೆ ಮಾಡಬೇಕು. ಅದರ ಎಲೆಯಲ್ಲಿ ಸಿನಿಯೋಲ್, ಫೀನಾಲಿಕ್ ಮುಂತಾದ ಬೇರೆ ಗಿಡ ತಡೆಯಬಲ್ಲ ಸಂಯುಕ್ತಗಳು ಇರುವುದು ಹೌದು, ಆದರೆ ನೀರು ಹೀರುವುದರಲ್ಲೂ ಅದು ಕಡಿಮೆಯೇನಲ್ಲ.

ಅನುಮಾನ ನಿಜವಾಗುವುದೂ ಉಂಟು. 1977ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಸಂಶೋಧನಾ ಕೇಂದ್ರದಲ್ಲಿ ಬಾಟಲ್ ಬ್ರಶ್ ಗಿಡದ ಕೆಳಗೆ ಕಳೆ ಬಹಳ ಕಡಿಮೆ ಎಂದು ಗಮನಿಸಿದರು. ಹುಡುಕಿದಾಗ ಸಿಕ್ಕಿದ್ದು ಲೆಪ್ಟೋಸ್ಪರ್ಮೋನ್ ಎಂಬ, ಕಳೆ ತಡೆಯುವ ರಾಸಾಯನಿಕ. ಮೆಸೊಟ್ರಯೋನ್ ಎಂಬ ಕಳೆನಾಶಕ ಹುಟ್ಟಿದ್ದು ಆ ಎಳೆ ಹಿಡಿದು.

ಲಕ್ಷಣ: ಚೆನ್ನಾಗಿದ್ದ ಗಿಡ ಇದ್ದಕ್ಕಿದ್ದಂತೆ ಬಾಡಿ ಬೀಳುತ್ತದೆ

ಮಣ್ಣು ಒದ್ದೆಯಿದ್ದೂ ಟೊಮೆಟೊ ಬಾಡಿ ಬಿದ್ದರೆ, ಮತ್ತು ಹತ್ತಿರದಲ್ಲಿ ಅಕ್ರೋಟು ಮರವಿದ್ದರೆ, ಅದರಲ್ಲೂ ಕಪ್ಪು ಅಕ್ರೋಟು ಇದ್ದರೆ, ಆ ಮರ ಬಿಡುವ ಜುಗ್ಲೋನ್ ಎಂಬ ವಿಷದ ಹೆಸರು ನೆನಪಾಗಲಿ. ಅಕ್ರೋಟಿನ ನೆರಳು ಗಿಡಗಳಿಗೆ ಒಳ್ಳೆಯದಲ್ಲವೆಂದು ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿಯೇ ಬರೆದಿದ್ದಾನೆ; ತಪ್ಪೇನಿದ್ದರೂ ನೆರಳಿನದಲ್ಲ, ಬೇರಿನದು ಮತ್ತು ಕಾಯಿಯ ಸಿಪ್ಪೆಯದು. ಮರದೊಳಗೆ ಈ ವಿಷ ನಿರಪಾಯದ ಹೈಡ್ರೋಜುಗ್ಲೋನ್ ರೂಪದಲ್ಲಿರುತ್ತದೆ. ಗಾಳಿ ತಾಗಿ ಆಕ್ಸಿಡೀಕರಣವಾದಾಗ ಜುಗ್ಲೋನ್ ಆಗುತ್ತದೆ. ನೀರಿನಲ್ಲಿ ಸುಲಭವಾಗಿ ಕರಗದ ಕಾರಣ ಮಣ್ಣಿನಲ್ಲಿ ಹೆಚ್ಚು ದೂರ ಹರಿಯುವುದಿಲ್ಲ. ಆದರೆ ಬೇರುಗಳೇ ಮರದ ಹರವನ್ನು ದಾಟಿ ಹೋಗಿರುವುದರಿಂದ, ದೊಡ್ಡ ಮರವಾದರೆ ಕಾಂಡದಿಂದ 15ರಿಂದ 18 ಮೀಟರ್ ದೂರದಲ್ಲೂ ಪೆಟ್ಟು ಕಾಣಬಹುದು.

ಇಲ್ಲಿ ಅಕ್ಕಪಕ್ಕದ ಬೆಳೆಗಳನ್ನು ಹೋಲಿಸಿ ನೋಡುವುದೇ ಒಳ್ಳೆಯ ಪುರಾವೆ. ಟೊಮೆಟೊ, ಆಲೂಗಡ್ಡೆ, ಬದನೆ, ದೊಣ್ಣೆಮೆಣಸು, ಎಲೆಕೋಸು ಸೊರಗಿ, ಅದೇ ಮಡಿಯ ಬೀನ್ಸ್, ಕ್ಯಾರೆಟ್, ಈರುಳ್ಳಿ, ಮುಸುಕಿನ ಜೋಳ ನಳನಳಿಸುತ್ತಿದ್ದರೆ ಜುಗ್ಲೋನ್ ಅನುಮಾನ ಗಟ್ಟಿಯಾಗುತ್ತದೆ. ಆದರೆ ನಿಲ್ಲಿ: ದುಂಡಾಣು ಸೊರಗು ರೋಗವೂ ಟೊಮೆಟೊ, ಬದನೆ, ಆಲೂಗಡ್ಡೆಯ ಕುಟುಂಬವನ್ನೇ ಹಿಡಿಯುತ್ತದೆ, ಮತ್ತು ಗಿಡ ಹಸಿರಾಗಿರುವಾಗಲೇ ಬಾಡುತ್ತದೆ. ಎರಡನ್ನೂ ಬೇರ್ಪಡಿಸಲು ಒಂದು ಗಾಜಿನ ಲೋಟ ಸಾಕು. ಬಾಡಿದ ಗಿಡದ ಬುಡದ ಹತ್ತಿರ ಒಂದು ಗೇಣು ಕಾಂಡ ಕತ್ತರಿಸಿ, ತುದಿ ಮಾತ್ರ ತಿಳಿನೀರಿನಲ್ಲಿ ಮುಳುಗುವಂತೆ ಅಲುಗಾಡಿಸದೆ ಹಿಡಿದು, ಹಿಂದೆ ಕಪ್ಪು ಬಟ್ಟೆ ಇಟ್ಟು ನೋಡಿ. ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ಬಾಯಿಂದ ಹಾಲಿನಂಥ ಸಣ್ಣ ಎಳೆ ಕೆಳಕ್ಕಿಳಿದರೆ ಅದು ದುಂಡಾಣು. ಎಳೆ ಇಳಿಯದೆ, ಕಾಂಡ ಸೀಳಿದಾಗ ಒಳಗೆ ಕಂದು ಗೆರೆಗಳಿದ್ದು, ಕೆಳಗಿನ ಎಲೆ ಮೊದಲು ಹಳದಿಯಾಗಿದ್ದರೆ ಫ್ಯುಸೇರಿಯಂ ಅಥವಾ ವರ್ಟಿಸಿಲಿಯಂ ಶಿಲೀಂಧ್ರದ ಕಡೆ ನೋಡಿ. ಬೇರು ಕಿತ್ತಾಗ ಗಂಟುಗಂಟಾಗಿದ್ದರೆ ಬೇರುಗಂಟು ಜಂತುಹುಳು.

ಇವುಗಳಲ್ಲಿ ಯಾವುದು ಕಂಡರೂ ಅಲಿಲೋಪತಿಯ ಹುಡುಕಾಟ ನಿಲ್ಲಿಸಿ. ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಚಾಕುವನ್ನು ಸ್ಪಿರಿಟ್‌ನಿಂದ ಒರೆಸಿ, ಒಂದು ಮಡಿಯ ಮಣ್ಣು ಮೆತ್ತಿದ ಗುದ್ದಲಿಯನ್ನು ಇನ್ನೊಂದಕ್ಕೆ ಒಯ್ಯಬೇಡಿ.

ಒಂದು ಎಚ್ಚರಿಕೆ: ಕಪ್ಪು ಅಕ್ರೋಟಿನ ಮರದ ಹೊಟ್ಟನ್ನು ಕುದುರೆಗಳ ಹಾಸಿಗೆಗೆ ಬಳಸಲೇಬಾರದು. ಗೊರಸಿನ ಉರಿಯೂತ ಬಂದು ಕುದುರೆ ಕುಂಟುತ್ತದೆ.

ಲಕ್ಷಣ: ಬಿತ್ತಿದ್ದು ಮೊಳೆಯುತ್ತಿಲ್ಲ, ಮೊಳೆತರೂ ಮೇಲೇಳುತ್ತಿಲ್ಲ

ಮೊದಲ ತನಿಖೆ ಬೀಜದ್ದೇ. ಅದೇ ಪೊಟ್ಟಣದ 20 ಬೀಜಗಳನ್ನು ಒದ್ದೆ ಕಾಗದದಲ್ಲಿ ಸುತ್ತಿಡಿ. ಅಲ್ಲೂ ಹುಟ್ಟದಿದ್ದರೆ ನೆರೆಗಿಡದ ತಪ್ಪೇನಿಲ್ಲ.

ಬೀಜ ಸರಿಯಿದ್ದರೆ ಹಿಂದಿನ ಬೆಳೆಯ ಉಳಿಕೆ ನೋಡಿ. ಗೋಧಿಯಂಥ ರೈ ಧಾನ್ಯದ ಹುಲ್ಲಿನಲ್ಲಿ ಬೆಂಜಾಕ್ಸಜಿನಾಯ್ಡ್ ಎಂಬ, ಮೊಳಕೆ ತಡೆಯುವ ರಾಸಾಯನಿಕಗಳಿವೆ. ಜೋಳದ ಬೇರುರೋಮಗಳು ಸೋರ್ಗೋಲಿಯೋನ್ ಎಂಬ ಎಣ್ಣೆಯಂಥ ವಸ್ತುವನ್ನು ಒಸರಿಸುತ್ತವೆ. ಸೂರ್ಯಕಾಂತಿಯ ಸಿಪ್ಪೆ ದಪ್ಪಗೆ ಬಿದ್ದ ಕಡೆ ಹುಲ್ಲು ಹುಟ್ಟದಿರುವುದು ಹಕ್ಕಿಗೆ ಕಾಳು ಹಾಕುವವರಿಗೆಲ್ಲ ಗೊತ್ತು. ಸಾಸಿವೆ ಗಿಡಗಳನ್ನು ಮಣ್ಣಿಗೆ ಸೇರಿಸಿದಾಗ ಐಸೊಥಯೊಸಯನೇಟ್ ಹೊರಡುತ್ತದೆ. ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಹುಲ್ಲು, ಪಾರ್ಥೆನಿನ್ ಮತ್ತು ಫೀನಾಲಿಕ್ ಆಮ್ಲಗಳನ್ನು ಬಿಡುತ್ತದೆ. ಇವೆಲ್ಲದರ ಪೆಟ್ಟು ಸಣ್ಣ ಬೀಜಗಳಿಗೇ ಹೆಚ್ಚು. ಲೆಟ್ಯೂಸ್, ಕ್ಯಾರೆಟ್, ಸೊಪ್ಪುಗಳು ಕೈಕೊಟ್ಟು, ಅದೇ ಸಾಲಿನಲ್ಲಿ ಬೀನ್ಸ್, ಮುಸುಕಿನ ಜೋಳ ಎದ್ದರೆ ಅದೊಂದು ಸುಳಿವು. ದೊಡ್ಡ ಬೀಜಕ್ಕೆ ಒಳಗೇ ಬುತ್ತಿಯಿರುತ್ತದೆ, ಜೊತೆಗೆ ಆಳಕ್ಕೆ ಬಿತ್ತುವುದರಿಂದ ಮೇಲಿನ ಉಳಿಕೆಯಿಂದ ದೂರವಿರುತ್ತದೆ.

ಇದಕ್ಕೆ ಅಗ್ಗದ ಮದ್ದು ಕಾಯುವುದು. ಬೆಳೆ ಉಳಿಕೆ ಮಣ್ಣಿಗೆ ಸೇರಿಸಿ ಎರಡು ಮೂರು ವಾರ ಬಿಟ್ಟು ಬಿತ್ತಿದರೆ ಹೆಚ್ಚಿನ ಸಂದರ್ಭಗಳಲ್ಲಿ ತೊಂದರೆ ತಾನಾಗಿ ಇಳಿಯುತ್ತದೆ. ನೀರು ನಿಂತ, ಗಾಳಿಯಾಡದ ಮಣ್ಣಿನಲ್ಲಿ ಮಾತ್ರ ಕೊಳೆತ ಹುಲ್ಲಿನಿಂದ ಆಮ್ಲಗಳು ಹುಟ್ಟಿ ಕಾಟ ಮುಂದುವರಿಯುತ್ತದೆ. ಅಲ್ಲಿ ಬಸಿಗಾಲುವೆ ಸರಿಪಡಿಸದೆ ಬೇರೇನು ಮಾಡಿದರೂ ದಂಡ.

ಇನ್ನಷ್ಟು ತಿಳಿಯಬೇಕೆಂದರೆ ಕಷಾಯ ಪರೀಕ್ಷೆ. ಇದನ್ನು ಮಾಡುವವರು ಬಹಳ, ಸರಿಯಾಗಿ ಮಾಡುವವರು ಕಡಿಮೆ. ಅನುಮಾನದ ಎಲೆಯನ್ನು ಒಣಗಿಸಿ, 10 ಗ್ರಾಂ ಪುಡಿಯನ್ನು 100 ಮಿಲಿ ತಣ್ಣೀರಿನಲ್ಲಿ ಒಂದು ದಿನ ನೆನೆಸಿ ಬಟ್ಟೆಯಲ್ಲಿ ಸೋಸಿ. ಬಿಸಿ ಮಾಡಬೇಡಿ, ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ. ಹುಳಿತರೆ ಫಲಿತಾಂಶ ಕೆಡುತ್ತದೆ. ತಟ್ಟೆಗಳಲ್ಲಿ ಕಾಗದ ಹಾಸಿ, ತಟ್ಟೆಗೆ 20ರಂತೆ ಲೆಟ್ಯೂಸ್ ಅಥವಾ ಮೂಲಂಗಿ ಬೀಜ ಹರಡಿ. ಒಂದಕ್ಕೆ ಬರಿ ನೀರು, ಒಂದಕ್ಕೆ ಪೂರ್ತಿ ಕಷಾಯ, ಒಂದಕ್ಕೆ ಹತ್ತು ಪಾಲು ನೀರು ಬೆರೆಸಿದ್ದು. ಬಹುತೇಕರು ಬಿಡುವ ತಟ್ಟೆ ನಾಲ್ಕನೆಯದು: ಯಾವುದರ ಕೆಳಗೆ ಎಲ್ಲವೂ ಚೆನ್ನಾಗಿ ಬೆಳೆಯುತ್ತದೆಯೋ ಅಂಥ ನಿರುಪದ್ರವಿ ಗಿಡದ ಎಲೆಯ ಕಷಾಯ. ಗಟ್ಟಿ ಕಷಾಯ ಯಾವ ಎಲೆಯದಾದರೂ ಅದರಲ್ಲಿರುವ ಲವಣ, ಸಕ್ಕರೆಗಳಿಂದಲೇ ಬೀಜವನ್ನು ತಡೆಯಬಲ್ಲದು. ನಿರುಪದ್ರವಿ ಎಲೆಯೂ ಅಷ್ಟೇ ತಡೆದರೆ ನಿಮ್ಮ ಪರೀಕ್ಷೆಯಿಂದ ಏನೂ ಸಾಬೀತಾಗಿಲ್ಲ.

ಮೂರರಿಂದ ಐದು ದಿನಗಳಲ್ಲಿ ಎಷ್ಟು ಬೀಜ ಹುಟ್ಟಿತು ಎಂದು ಎಣಿಸುವುದಕ್ಕಿಂತ ಬೇರನ್ನು ಅಳೆಯಿರಿ. ಬರಿ ನೀರಿನ ಮೂಲಂಗಿ ಮೊಳಕೆಯ ಬೇರು ಬಿಳಿಯಾಗಿ ನೇರವಾಗಿ ಇಳಿದಿರುತ್ತದೆ, ಸುತ್ತ ಬೂಷ್ಟಿನಂತೆ ಕಾಣುವ ಸಣ್ಣ ರೋಮ ತುಂಬಿರುತ್ತದೆ (ಅದನ್ನು ಬೂಷ್ಟೆಂದು ತಿಳಿದು ಎಸೆಯಬೇಡಿ). ಪೆಟ್ಟು ತಿಂದದ್ದರ ಬೇರು ಮೊಂಡಾಗಿ, ತುದಿ ಕಂದಾಗಿ, ರೋಮವಿಲ್ಲದೆ ಬೋಳಾಗಿರುತ್ತದೆ. ಹತ್ತು ಪಾಲು ತೆಳುವಾದದ್ದರಲ್ಲೂ ಇದೇ ಕಂಡರೆ ಅನುಮಾನ ಗಂಭೀರ.

ಪಾರ್ಥೇನಿಯಂ ಮುಟ್ಟುವಾಗ ಕೈಗವಸು, ತುಂಬುತೋಳು, ಮೂಗಿಗೆ ಮಾಸ್ಕ್ ಕಡ್ಡಾಯ. ಚರ್ಮದ ಅಲರ್ಜಿ, ಉಬ್ಬಸ ತರುವುದರಲ್ಲಿ ಅದು ಕುಪ್ರಸಿದ್ಧ. ತುರಿಕೆ, ಉಸಿರಾಟದ ತೊಂದರೆ ಶುರುವಾದರೆ ಕೆಲಸ ಬಿಟ್ಟು ವೈದ್ಯರ ಬಳಿ ಹೋಗಿ. ಕಷಾಯದ ಬಾಟಲಿಗೆ ಚೀಟಿ ಅಂಟಿಸಿ, ಅಡುಗೆ ಪಾತ್ರೆ ಬಳಸಬೇಡಿ. ಜೋಳದ ಮಡಿ ತೆಗೆಯುವಾಗ ಎಳೆ ಪೈರನ್ನಾಗಲಿ ಬರಕ್ಕೆ ಸಿಕ್ಕ ಪೈರನ್ನಾಗಲಿ ದನಕ್ಕೆ ಹಾಕಬೇಡಿ. ಅದರಲ್ಲಿರುವ ಧುರಿನ್ ಹೊಟ್ಟೆಯಲ್ಲಿ ಸಯನೈಡ್ ಬಿಡುತ್ತದೆ.

ಲಕ್ಷಣ: ಎಲೆ ಹಳದಿಯಾಗಿದೆ, ಅಥವಾ ಮುರುಟಿದೆ

ಹಸಿ ಮರದ ಹೊಟ್ಟು, ಒಣಹುಲ್ಲು ಮಣ್ಣಿಗೆ ಬೆರೆಸಿದ ಮೇಲೆ ಹಳೆಯ ಎಲೆಗಳಿಂದ ಶುರುವಾಗಿ ಇಡೀ ಗಿಡ ಒಂದೇ ಸಮ ಬಿಳಿಚಿಕೊಂಡರೆ ಅದು ಸಾರಜನಕದ ಹಸಿವು. ಹೊಟ್ಟನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಹಿಡಿದಿಟ್ಟುಕೊಂಡಿವೆ. ಸಾರಜನಕ ಗೊಬ್ಬರ ಕೊಟ್ಟು ಹತ್ತು ಹದಿನೈದು ದಿನ ನೋಡಿ, ಹೊಸ ಎಲೆ ಹಸಿರಾಗಿ ಬಂದರೆ ಮುಗಿಯಿತು.

ಟೊಮೆಟೊ, ಬೀನ್ಸ್ ಚಿಗುರು ಬಟ್ಟಲಿನಂತೆ ಮಡಚಿ, ತಿರುಚಿ, ಜರೀಗಿಡದ ಎಲೆಯಂತೆ ಸಣ್ಣಗಾಗಿದ್ದರೆ ಕಳೆನಾಶಕದ ಕಡೆ ತಿರುಗಿ. ಅಮಿನೊಪೈರಾಲಿಡ್, ಕ್ಲೋಪೈರಾಲಿಡ್ ಸಿಂಪಡಿಸಿದ ಹುಲ್ಲು ತಿಂದ ದನದ ಗೊಬ್ಬರದಲ್ಲೂ ಅವು ಹಾಗೇ ಉಳಿದು ಬರುತ್ತವೆ. ಗೊಬ್ಬರ ಬೆರೆಸಿದ ಕುಂಡದಲ್ಲಿ ಮೂರು ನಾಲ್ಕು ಬೀನ್ಸ್ ಬೀಜ ಹಾಕಿ ಮೂರು ಜೊತೆ ಎಲೆ ಬರುವವರೆಗೆ ಕಾದರೆ ಗೊತ್ತಾಗುತ್ತದೆ.

ಲಕ್ಷಣ: ಒಳಗಿಟ್ಟ ಗಿಡದ ಎಲೆ ಕೆಳಕ್ಕೆ ಬಾಗಿದೆ, ಆದರೆ ಬಾಡಿಲ್ಲ

ಎಲೆ ಮುಟ್ಟಿದರೆ ಗಟ್ಟಿಯಾಗೇ ಇದೆ, ತೊಟ್ಟು ಮಾತ್ರ ನೆಲದ ಕಡೆ ತಿರುಗಿದೆ. ಹತ್ತಿರದಲ್ಲಿ ಹಣ್ಣು ಮಾಗುತ್ತಿದೆಯೇ ನೋಡಿ. ಮಾಗುವ ಹಣ್ಣಿನ ಎಥಿಲೀನ್ ಅನಿಲ ಟೊಮೆಟೊ ಸಸಿಗೆ ಹೀಗೇ ಮಾಡುತ್ತದೆ. ಅಲಿಲೋಪತಿ ಎಂಬ ಹೆಸರಿಟ್ಟ ಹನ್ಸ್ ಮೋಲಿಶ್ 1937ರ ತನ್ನ ಪುಸ್ತಕದಲ್ಲಿ ಹೆಚ್ಚಾಗಿ ಚರ್ಚಿಸಿದ್ದೂ ಇದನ್ನೇ. ಹಣ್ಣನ್ನು ದೂರವಿಟ್ಟು ಕಿಟಕಿ ತೆರೆಯಿರಿ. ಹಣ್ಣೇ ಇಲ್ಲದಿದ್ದರೆ ಕುಂಡದಲ್ಲಿ ನೀರು ನಿಂತಿದೆಯೇ ನೋಡಿ, ಅದಕ್ಕೂ ಇದೇ ಲಕ್ಷಣ.

ಲಕ್ಷಣ: ಅದೇ ಜಾಗದಲ್ಲಿ ಅದೇ ಬೆಳೆ ಮತ್ತೆ ಬರುತ್ತಿಲ್ಲ

ಕೆಲವು ಗಿಡಗಳು ತಮ್ಮ ಜಾತಿಯನ್ನೇ ತಡೆಯುತ್ತವೆ. ಲೂಸರ್ನ್ ಎಂದೂ ಕರೆಯುವ ಕುದುರೆ ಮೆಂತ್ಯ ಇದಕ್ಕೆ ಹೆಸರುವಾಸಿ. ಹಳೆಯ ಗಿಡದಿಂದ ಸುಮಾರು 20 ಸೆಂ.ಮೀ. ಒಳಗೆ ಹೊಸ ಸಸಿ ನಿಲ್ಲುವುದೇ ಕಷ್ಟ. ಸಂದು ಬಿದ್ದ ಕಡೆ ಮತ್ತೆ ಮತ್ತೆ ಬಿತ್ತಿ ಬೀಜ ಕಳೆಯುವ ಬದಲು ಮಡಿಯನ್ನೇ ಕಿತ್ತು ಒಂದು ಹಂಗಾಮು ಬೇರೆ ಬೆಳೆ ತೆಗೆಯುವುದು ಮೇಲು. ಸೌತೆ, ಶತಾವರಿ ಜಾತಿಯ ಆಸ್ಪರಾಗಸ್‌ನಲ್ಲೂ ಇಂಥದ್ದು ಕಂಡುಬರುತ್ತದೆ. ಪೀಚ್ ಬೇರಿನಲ್ಲಿರುವ ಅಮಿಗ್ಡಲಿನ್ ಒಡೆದಾಗ ಸಯನೈಡ್ ಹೊರಡುತ್ತದೆ. ಸೇಬಿನ ಹಳೆಯ ಗುಂಡಿಯಲ್ಲಿ ಹೊಸ ಸಸಿ ಸೊರಗುವುದು ಮಾತ್ರ ಮುಖ್ಯವಾಗಿ ಶಿಲೀಂಧ್ರ, ಜಂತುಹುಳುಗಳ ಕೂಟದ ಕೆಲಸ. ಗೊಂದಲವಿದ್ದರೆ ಆ ಮಣ್ಣನ್ನು ಹಬೆಯಲ್ಲಿ ಬೇಯಿಸಿ ತಣಿಸಿ ಒಂದು ಕುಂಡ, ಬೇಯಿಸದೆ ಒಂದು ಕುಂಡ ಇಡಿ. ಬೇಯಿಸಿದ ಮಣ್ಣಿನ ಸಸಿ ಎದ್ದು ಕಂಡರೆ ಜೀವಿಗಳ ಮೇಲೆ ಅನುಮಾನ ಪಡಿ.

ಇನ್ನೂ ಅನುಮಾನವಿದ್ದರೆ: ಇದ್ದಿಲಿನ ಪರೀಕ್ಷೆ

ಆಕ್ಟಿವೇಟೆಡ್ ಇದ್ದಿಲು ಇಂಗಾಲಯುಕ್ತ ವಿಷಗಳನ್ನು ಹೀರಿ ಹಿಡಿದುಕೊಳ್ಳುತ್ತದೆ. ಒಲೆಯ ಇದ್ದಿಲು ಇದಕ್ಕಾಗದು. ಅದರ ಬೂದಿಯಿಂದ ಮಣ್ಣು ಕ್ಷಾರವಾಗುತ್ತದೆ. ಲೀಟರ್ ಮಣ್ಣಿಗೆ 20 ಮಿಲಿಯಷ್ಟು ಪುಡಿ ಬೆರೆಸಿ. ಅನುಮಾನದ ಮಣ್ಣು ಮತ್ತು ಒಳ್ಳೆಯ ಮಣ್ಣು ಎರಡರಲ್ಲೂ ಇದ್ದಿಲು ಹಾಕಿದ್ದು, ಹಾಕದ್ದು ಇರಲೇಬೇಕು, ಏಕೆಂದರೆ ಇದ್ದಿಲು ತಾನೇ ಪೋಷಕಾಂಶಗಳ ಲೆಕ್ಕ ಬದಲಿಸುತ್ತದೆ. ಅನುಮಾನದ ಮಣ್ಣಿನಲ್ಲಿ ಮಾತ್ರ ಗಿಡ ಚೇತರಿಸಿದರೆ ಅಲ್ಲೊಂದು ರಾಸಾಯನಿಕ ಇದೆ ಎನ್ನಬಹುದು. ಅದು ಮರದ್ದೇ ಎನ್ನಲಾಗದು: ಇದ್ದಿಲು ಕಳೆನಾಶಕವನ್ನೂ ಹೀರುತ್ತದೆ. ಮೊದಲೇ ಬರೆದಿಟ್ಟ ಚೀಟಿ ತೆಗೆದು ನೋಡುವುದು ಈಗ. ಪುಡಿ ಬಹಳ ಹಾರುತ್ತದೆ, ಮಾಸ್ಕ್ ಹಾಕಿ, ಒದ್ದೆ ಮಾಡಿ ಬೆರೆಸಿ.

ಖಚಿತವಾದ ಮೇಲೆ

ಮರ ಕಡಿಯುವುದು ಮೊದಲ ಉಪಾಯವಲ್ಲ, ಹಲವು ಸಲ ಉಪಾಯವೇ ಅಲ್ಲ. ಕಡಿದ ಅಕ್ರೋಟಿನ ಬೇರುಗಳು ಮಣ್ಣೊಳಗೆ ಕೊಳೆಯುತ್ತ ವರ್ಷಗಟ್ಟಲೆ ಜುಗ್ಲೋನ್ ಬಿಡುತ್ತವೆ. ಸಹಿಸುವ ಬೆಳೆಗೆ ಬದಲಾಯಿಸಿ. ಇಲ್ಲವೇ ಬೇರು ನುಗ್ಗದ ತಡೆ ಹಾಸಿದ ಏರುಮಡಿ ಮಾಡಿ ಹೊರಗಿನ ಮಣ್ಣು ತುಂಬಿ. ಬಿದ್ದ ಎಲೆ, ಸಿಪ್ಪೆಗಳನ್ನು ಆಗಾಗ ಗುಡಿಸಿ. ಗಾಳಿ, ತೇವ, ಸೂಕ್ಷ್ಮಜೀವಿ ಚೆನ್ನಾಗಿರುವ ಗೊಬ್ಬರದ ರಾಶಿಯಲ್ಲಿ ಎಲೆಯ ಜುಗ್ಲೋನ್ ಎರಡರಿಂದ ನಾಲ್ಕು ವಾರಗಳಲ್ಲಿ ಒಡೆಯುತ್ತದೆ, ಮಣ್ಣಿನಲ್ಲಾದರೆ ಎರಡು ತಿಂಗಳವರೆಗೂ ಹಿಡಿಯಬಹುದು. ಮಣ್ಣಿಗೆ ಸಾವಯವ ಗೊಬ್ಬರ ಹೆಚ್ಚಿಸಿದಷ್ಟೂ ಈ ಕೆಲಸ ಚುರುಕು.

ಬುಡಕ್ಕೆ ಉಪ್ಪು, ಡೀಸೆಲ್ ಸುರಿಯುವ ‘ಉಪಾಯ’ ಬೇಡ. ಮರಕ್ಕಿಂತ ಮೊದಲು ಮಣ್ಣು ಸಾಯುತ್ತದೆ, ನಿಮ್ಮ ಮೂಲ ಸಮಸ್ಯೆ ದುಪ್ಪಟ್ಟಾಗುತ್ತದೆ.

ಇಲ್ಲಿಗೆ ನಿಲ್ಲಿಸಿ, ಬಲ್ಲವರನ್ನು ಕರೆಯಿರಿ

ಗುಂಡಿ ತೋಡುವಾಗ ತೋಳಿನಷ್ಟು ದಪ್ಪದ ಬೇರು ಸಿಕ್ಕರೆ ಕತ್ತರಿಸಬೇಡಿ; ಒಂದು ಬದಿಯ ಬೇರು ಕಳೆದುಕೊಂಡ ದೊಡ್ಡ ಮರ ಗಾಳಿಗೆ ಬುಡಮೇಲಾಗುತ್ತದೆ. ಮರ ಮನೆಯ ಅಥವಾ ವಿದ್ಯುತ್ ತಂತಿಯ ಹತ್ತಿರವಿದ್ದರೆ ಮರ ಕೆಲಸ ಬಲ್ಲವರೇ ಬರಲಿ. ತೊಂದರೆ ಪ್ರತಿ ವಾರ ಹರಡುತ್ತಿದ್ದರೆ, ಬೇರೆಬೇರೆ ಜಾತಿಯ ಗಿಡಗಳು ಒಟ್ಟಿಗೆ ಸಾಯುತ್ತಿದ್ದರೆ, ಅಥವಾ ಕಳೆನಾಶಕದ ಅನುಮಾನ ಬಂದ ಮಡಿಯಲ್ಲಿ ತಿನ್ನುವ ಬೆಳೆ ಇದ್ದರೆ ಮನೆಯ ಪರೀಕ್ಷೆ ಸಾಕಾಗದು.

ಪ್ರಯೋಗಾಲಯಕ್ಕೆ ಎರಡು ಮಣ್ಣಿನ ಮಾದರಿ ಒಯ್ಯಿರಿ, ಕೆಟ್ಟ ಜಾಗದ್ದೊಂದು, ಒಳ್ಳೆಯ ಜಾಗದ್ದೊಂದು. ಜೊತೆಗೆ ಮರದಿಂದ ಎಷ್ಟು ದೂರದಲ್ಲಿ ಏನು ಕಂಡಿತು ಎಂಬ ಕೈನಕ್ಷೆ, ಸಿಂಪಡಣೆಯ ಚೀಟಿ. ಗಿಡವನ್ನು ಬೇರು ಸಮೇತ, ಮಣ್ಣು ಒದರದೆ, ಕಾಗದದಲ್ಲಿ ಸುತ್ತಿ ಕೊಡಿ. ಆಗಷ್ಟೇ ಬಾಡತೊಡಗಿದ್ದನ್ನು ಆರಿಸಿ, ಸತ್ತು ಒಣಗಿದ್ದು ಬೇಡ. ಕೊಳೆತದ್ದನ್ನು ತಿನ್ನುವ ಶಿಲೀಂಧ್ರಗಳು ಅಷ್ಟರಲ್ಲಿ ಅದನ್ನು ತುಂಬಿಕೊಂಡು ಮೊದಲ ಕಾರಣದ ಗುರುತು ಅಳಿಸಿರುತ್ತವೆ.